ಗುರುವಾರ ಯಾರೂ ಇರುವುದಿಲ್ಲ

ಪೆಟ್ಟು ಬಿದ್ದದ್ದು ಒಬ್ಬಳಿಗೆ. ಯಾದಗಿರಿ ಕಡೆಯಿಂದ ಬಂದು, ಪುಣೆ ಹತ್ತಿರದ ಚಾಕಣದ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಯಂತ್ರ ಒರೆಸುತ್ತಿದ್ದ ಹೆಣ್ಣುಮಗಳಿಗೆ. ಅವಳ ಬಲಗೈಯ ತೋರುಬೆರಳೂ ನಡುಬೆರಳೂ ಬುಡದವರೆಗೆ ಹೋದವು. ಯಂತ್ರದ ಪ್ರೋಗ್ರಾಂ ಬರೆದವನಿಗೆ ಏನೂ ಆಗಲಿಲ್ಲ. ಪರೀಕ್ಷೆ ಮುಗಿಯುವ ಮುನ್ನವೇ ಅದನ್ನು ಕಳುಹಿಸಿ ಎಂದ ವ್ಯವಸ್ಥಾಪಕರಿಗೆ ಏನೂ ಆಗಲಿಲ್ಲ. ಕಾರ್ಖಾನೆಯ ಮಾಲೀಕರಿಗೂ, ಗುತ್ತಿಗೆದಾರನಿಗೂ, ಇದನ್ನು ಬರೆಯುತ್ತಿರುವ ನನಗೂ ಏನೂ ಆಗಲಿಲ್ಲ.

ನಾನು ಓದಿದ್ದು ಧಾರವಾಡದ ಒಂದು ಸಣ್ಣ ಶಾಲೆಯಲ್ಲಿ. ಅಲ್ಲಿ ರ‍್ಯಾಂಕು ಇರಲಿಲ್ಲ, ಬೆತ್ತ ಇರಲಿಲ್ಲ. ಜಗಳವಾದರೆ ಎಲ್ಲರೂ ಬೇವಿನ ಮರದ ಕೆಳಗೆ ಸುತ್ತುಗಟ್ಟಿ ಕೂತು ಮಾತಾಡಬೇಕಿತ್ತು, ಮಾತು ಪೆಟ್ಟು ತಿಂದವರಿಂದಲೇ ಶುರುವಾಗಬೇಕಿತ್ತು. ಹೊಡೆದವರ ಕಾರಣಗಳಿಗೆ ಸರದಿ ಆಮೇಲೆ. ಪುಣೆಗೆ ಬಂದು ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದ ಮೇಲೆ ಈ ಕ್ರಮವನ್ನು ಪಾಲಿಸುವ ಸಭೆಯನ್ನು ನಾನು ನೋಡಿಲ್ಲ. ಇಲ್ಲಿಯ ಸಭೆಗಳು ಕಾರಣಗಳಿಂದ ಶುರುವಾಗಿ ಕಾರಣಗಳಲ್ಲೇ ಮುಗಿಯುತ್ತವೆ. ಪೆಟ್ಟು ತಿಂದವರು ಆ ಕೋಣೆಯಲ್ಲಿ ಇರುವುದೇ ಇಲ್ಲ.

ನಮ್ಮ ಕಂಪನಿ ಇರುವುದು ವಿಮಾನ ನಗರದಲ್ಲಿ. ಗಾಳಿಯ ಒತ್ತಡದಿಂದ ನಡೆಯುವ ಸಣ್ಣ ಪ್ರೆಸ್‌ಗಳಿಗೆ ನಿಯಂತ್ರಣ ಬೋರ್ಡು ತಯಾರಿಸುತ್ತದೆ. ಕಾರಿನ ಕಬ್ಬಿಣದ ತೋಳಿಗೆ ಬಳೆಯಂಥ ರಬ್ಬರಿನ ಬುಷ್ ಕೂರಿಸುವ ಪ್ರೆಸ್ ಎಂದರೆ ದೊಡ್ಡ ಯಂತ್ರವೇನಲ್ಲ, ಆಳೆತ್ತರದ್ದು. ಎರಡು ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮೇಲಿನ ಉಕ್ಕಿನ ತಲೆ ಕೆಳಗಿಳಿದು ಬುಷ್ಷನ್ನು ಒತ್ತಿ ಮೇಲೇಳುತ್ತದೆ. ಗುಂಡಿ ಒತ್ತಿದ್ದನ್ನು ಗಮನಿಸುವುದು, ಗಾಳಿಯ ವಾಲ್ವ್ ತೆರೆಯುವುದು, ಮುಚ್ಚುವುದು ಎಲ್ಲವೂ ಬೋರ್ಡಿನ ಮೇಲಿರುವ ಉಗುರಿನಗಲದ ಒಂದು ಚಿಪ್‌ನ ಕೆಲಸ. ಆ ಬೋರ್ಡುಗಳನ್ನು ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು.

ಚಿಪ್‌ಗೆ ಕರೆಂಟು ಬಂದಾಗ ಅದರೊಳಗೆ ಮೊದಲು ಎಚ್ಚರಗೊಳ್ಳುವ ಪುಟ್ಟ ಪ್ರೋಗ್ರಾಂ ಒಂದಿದೆ. ಅದಕ್ಕೆ ಬೂಟ್‌ಲೋಡರ್ ಎನ್ನುತ್ತಾರೆ. ಪಾಳಿ ಬದಲಾಗುವಾಗ ಬಾಗಿಲಲ್ಲಿ ನಿಂತಿರುವ ಕಾವಲುಗಾರನಂತೆ ಅದು. ಯಂತ್ರವನ್ನು ನಡೆಸುವ ಮುಖ್ಯ ಪ್ರೋಗ್ರಾಂ, ಅಂದರೆ ಅಪ್ಲಿಕೇಶನ್, ಸರಿಯಾಗಿ ಇದೆಯೇ ಎಂದು ನೋಡಿ, ಇದ್ದರೆ ಬೀಗದ ಕೈ ಅದಕ್ಕೆ ಒಪ್ಪಿಸಿ ತಾನು ಹಿಂದೆ ಸರಿಯಬೇಕು. ದೂರದಿಂದ ಹೊಸ ಪ್ರೋಗ್ರಾಂ ಬಂದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದೂ ಅದರದೇ ಹೊಣೆ. ಈ ಅಳಿಸುವುದು, ಬರೆಯುವುದು, ಒಪ್ಪಿಸುವುದು ನಡೆಯುವಾಗ ಯಂತ್ರಕ್ಕೆ ಯಜಮಾನನೇ ಇರುವುದಿಲ್ಲ. ಆ ಹೊತ್ತಿನಲ್ಲಿ ಕರೆಂಟು ಹೋದರೆ ಏನಾಗಬೇಕು, ಹೊರಗಿನಿಂದ ಯಾರಾದರೂ ಬಾಗಿಲು ಬಡಿದರೆ ಏನಾಗಬೇಕು ಎಂಬುದನ್ನು ಮೊದಲೇ ಯೋಚಿಸಿ ಬರೆದಿರಬೇಕು. ಹಾಗೆ ಬಾಗಿಲು ಬಡಿಯುವುದನ್ನು ನಮ್ಮ ಕಸುಬಿನಲ್ಲಿ ಇಂಟರಪ್ಟ್ ಎನ್ನುತ್ತೇವೆ.

ನಮ್ಮ ಬೂಟ್‌ಲೋಡರ್ ಬರೆದವನು ಮೈಸೂರಿನವನು, ನನಗಿಂತ ಕಿರಿಯ, ಬುದ್ಧಿವಂತ. ಆ ಮಹಡಿಯಲ್ಲಿ ಕನ್ನಡದವರು ನಾವಿಬ್ಬರೇ ಆದ್ದರಿಂದ ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಕೂರುತ್ತಿದ್ದೆವು. ಪ್ರೋಗ್ರಾಂ ಬರೆಯುತ್ತಿರುವ ನಡುವೆಯೇ ಕರೆಂಟು ತೆಗೆದು ನೋಡಬೇಕು ಎಂದು ನಾನು ಪರೀಕ್ಷೆಯ ಯೋಜನೆಯಲ್ಲಿ ಸೇರಿಸಿದ್ದೆ. ಅದನ್ನು ಓದಿದ ದಿನ ಅವನು ಡಬ್ಬಿ ತೆರೆಯುತ್ತಲೇ ಶುರುಮಾಡಿದ.

“ಅಲ್ಲ ಮೇಡಂ, ಅಪ್‌ಡೇಟ್ ನಡೀತಿರೋವಾಗ ಪವರ್ ಯಾರ್ ತೆಗೀತಾರೆ ಹೇಳಿ?”

“ಯಾರೂ ತಗ್ಯೂದ ಬ್ಯಾಡ. ಗುರುವಾರ ತಾನ ಹೋಗ್ತದ.”

“ನಮ್ ಅಪಾರ್ಟ್‌ಮೆಂಟ್ ಸೊಸೈಟೀಲಿ ಹೋಗಲ್ಲಪ್ಪ.”

“ನಿಮ್ಮ ಸೊಸೈಟ್ಯಾಗ ಪ್ರೆಸ್ ಇಟ್ಟೀರೇನು?”

ಅವನು ಜೋರಾಗಿ ನಕ್ಕ. “ಧಾರವಾಡದೋರ ಸಹವಾಸ ಸಾಕು. ಚಟ್ನಿಗೆ ಉಪ್ಪು ಕಮ್ಮಿ ಆದ್ರೂ ಒಂದ್ ಮೆರವಣಿಗೆ ತೆಗೀತೀರ. ನೋಡಿ, ಗುರುವಾರ ಪ್ಲಾಂಟ್ ಆಫ್. ಯಾರೂ ಇರಲ್ಲ. ಅದಕ್ಕೇ ಗುರುವಾರ ಕಳಿಸೋದು. ಏನೋ ಎಡವಟ್ಟಾದ್ರೆ ಒಂದ್ ಬೋರ್ಡ್ ಬ್ರಿಕ್ ಆಗುತ್ತೆ, ಶುಕ್ರವಾರ ಬೆಳಿಗ್ಗೆ ಹೋಗಿ ಮತ್ತೆ ಹಾಕ್ಕೊಂಡ್ ಬಂದ್ರಾಯ್ತು.”

ಬೋರ್ಡು ಬ್ರಿಕ್ ಆಗುವುದೆಂದರೆ ಇಟ್ಟಿಗೆಯಂತೆ ಕೆಲಸಕ್ಕೆ ಬಾರದ ವಸ್ತುವಾಗುವುದು. ನಮ್ಮ ಕಸುಬಿನಲ್ಲಿ ಊಹಿಸಬಲ್ಲ ಅತಿ ದೊಡ್ಡ ಅನಾಹುತ ಅದೇ. ವ್ಯವಸ್ಥಾಪಕರು ನನ್ನ ಪರೀಕ್ಷೆಯನ್ನು ಮುಂದಿನ ಆವೃತ್ತಿಗೆ ದೂಡಿದರು. ನಾನು ಆಕ್ಷೇಪ ಬರೆದು ಕಳುಹಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ಇಲ್ಲಿ ಗುರುವಾರದ ಬಗ್ಗೆ ಹೇಳಬೇಕು. ಪುಣೆಯ ಸುತ್ತಲಿನ ಕೈಗಾರಿಕಾ ಪ್ರದೇಶಗಳಿಗೆ ವಾರದ ರಜೆ ಗುರುವಾರ. ಕಾರ್ಖಾನೆಗಳು ನಿಂತಿರುತ್ತವೆಂದು ತಂತಿ ಬಿಗಿಯುವ, ಟ್ರಾನ್ಸ್‌ಫಾರ್ಮರ್ ದುರಸ್ತಿ ಮಾಡುವ ಕೆಲಸವನ್ನೂ ಗುರುವಾರವೇ ಇಟ್ಟುಕೊಳ್ಳುತ್ತಾರೆ. ಗುರುವಾರ ‘ಲೈಟ್’ ಹೋಗುತ್ತದೆಂದು ಈ ಊರಿನಲ್ಲಿ ಹಿಟ್ಟಿನ ಗಿರಣಿಯವನಿಗೂ ಗೊತ್ತು, ಇಸ್ತ್ರಿಯವನಿಗೂ ಗೊತ್ತು. ಅವರು ತಮ್ಮ ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ನಮ್ಮ ಕಚೇರಿಗೆ ರಜೆ ಶನಿವಾರ, ಭಾನುವಾರ. ಅಲ್ಲಿ ಕೆಲಸ ಮಾಡುವವರ ಅಪಾರ್ಟ್‌ಮೆಂಟುಗಳಲ್ಲಿ ಜನರೇಟರ್ ಇದೆ, ಕಚೇರಿಯಲ್ಲೂ ಇದೆ. ಕರೆಂಟು ಹೋದದ್ದು ಮೇಲೆ ತಿರುಗುವ ಫ್ಯಾನಿಗೂ ತಿಳಿಯುವುದಿಲ್ಲ. ಊರಿಗೆಲ್ಲ ಇರುವ ಗುರುವಾರ ನಮಗೆ ಮಾತ್ರ ಇರಲಿಲ್ಲ. ದೂರದಿಂದ ಪ್ರೋಗ್ರಾಂ ಕಳುಹಿಸಲು ನಾವು ವಾರದಲ್ಲಿ ಆರಿಸಿಕೊಂಡದ್ದು, ನಡುವೆ ಕರೆಂಟು ಹೋಗುವುದು ಹೆಚ್ಚುಕಡಿಮೆ ಖಚಿತವಾಗಿದ್ದ ದಿನವನ್ನು. ಇದನ್ನು ಅಜ್ಞಾನ ಎಂದು ಕರೆದು ಕ್ಷಮಿಸಲು ನಾನು ಸಿದ್ಧಳಿಲ್ಲ. ಸವಲತ್ತು ಇದ್ದವರಿಗೆ ಮಾತ್ರ ಸಿಗುವ ಅಜ್ಞಾನ ಅದು.

ಎರಡನೆಯ ತಪ್ಪು ಅದಕ್ಕಿಂತ ದೊಡ್ಡದು. ಗುರುವಾರ ಯಾರೂ ಇರುವುದಿಲ್ಲ ಎನ್ನುವುದು ಸುಳ್ಳು. ಕಾಯಂ ನೌಕರರು ಇರುವುದಿಲ್ಲ, ಅಷ್ಟೇ. ಯಂತ್ರಗಳು ನಿಂತಿರುವ ದಿನವೇ ಅವುಗಳ ಸಂದಿಗಳಲ್ಲಿ ಕೂತ ಗ್ರೀಸು, ರಬ್ಬರಿನ ಚೂರು, ಕಬ್ಬಿಣದ ಪುಡಿ ತೆಗೆಯಲು ಸಾಧ್ಯ. ಅದಕ್ಕೆ ಗುತ್ತಿಗೆಯವರು ಬರುತ್ತಾರೆ. ಆ ಕಾರ್ಖಾನೆಗೆ ಬರುತ್ತಿದ್ದದ್ದು ಯಾದಗಿರಿ ಕಡೆಯ ಒಂದೇ ಊರಿನ ಹೆಂಗಸರ ತಂಡ. ತಮ್ಮನ್ನು ತಾವು ಅವರು ‘ಟೋಳಿ’ ಎಂದು ಕರೆದುಕೊಳ್ಳುತ್ತಿದ್ದರು. ಅವರನ್ನು ಕರೆತರುವವನು, ಕೂಲಿ ಹಂಚುವವನು ಗುತ್ತಿಗೆದಾರನ ಮುಕಾದಮ. ನಮ್ಮ ನಕ್ಷೆಗಳಲ್ಲಿ ಪ್ರೆಸ್ ಇತ್ತು, ತಂತಿ ಇತ್ತು, ಗಾಳಿಯ ಪೈಪು ಇತ್ತು. ಈ ಹೆಂಗಸರು ಇರಲಿಲ್ಲ.

ಆ ಗುರುವಾರ ಆದದ್ದನ್ನು ನಾನು ಆಮೇಲೆ ಜೋಡಿಸಿಕೊಂಡೆ. ಬೆಳಗಿನ ಹೊತ್ತು ಅಪ್‌ಡೇಟ್ ತಾನಾಗಿ ಶುರುವಾಯಿತು. ಪ್ರೋಗ್ರಾಂ ಅರ್ಧ ಬರೆದಿರುವಾಗ ಕರೆಂಟು ಹೋಯಿತು. ಬೂಟ್‌ಲೋಡರ್ ‘ಬರೆದು ಮುಗಿಯಿತು’ ಎಂಬ ಗುರುತನ್ನು ಬರೆಯಲು ಶುರುಮಾಡುವ ಮೊದಲೇ ಹಾಕಿಬಿಟ್ಟಿತ್ತು. ಯಂತ್ರದ ಮೇಲಿನ ದೀಪಗಳೆಲ್ಲ ಆರಿದವು. ಟೋಳಿಯಲ್ಲಿದ್ದ ಆ ಹೆಣ್ಣುಮಗಳು ಬ್ರಷ್ಷು ಹಿಡಿದು ಪ್ರೆಸ್ಸಿನ ತಲೆಯ ಕೆಳಗೆ ಕೈ ಹಾಕಿದಳು. ಕರೆಂಟು ಬಂತು. ಎಚ್ಚೆತ್ತ ಬೂಟ್‌ಲೋಡರ್ ಆ ಗುರುತನ್ನು ನಂಬಿ, ಅರ್ಧ ಪ್ರೋಗ್ರಾಮಿಗೆ ಬೀಗದ ಕೈ ಒಪ್ಪಿಸಿತು. ಪ್ರೋಗ್ರಾಂ ಕಳುಹಿಸುತ್ತಿದ್ದ ಪೆಟ್ಟಿಗೆ ಬೇರೆ ಕೋಣೆಯಲ್ಲಿ ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು. ಅದಕ್ಕೆ ಕರೆಂಟು ಹೋದ ಸುದ್ದಿಯೇ ಇಲ್ಲ, ಉಳಿದ ಅಕ್ಷರಗಳನ್ನು ಕಳುಹಿಸುತ್ತಾ ಹೋಯಿತು. ಬಂದ ಒಂದೊಂದು ಅಕ್ಷರವೂ ಬಾಗಿಲು ಬಡಿಯಿತು. ಬಡಿದವರನ್ನು ಯಾವ ಕೋಣೆಗೆ ಕಳುಹಿಸಬೇಕೆಂದು ಹೇಳುವ ಪಟ್ಟಿ ಆಗಲೇ ಅಳಿದುಹೋಗಿತ್ತು. ಇಲ್ಲದ ಕೋಣೆಯನ್ನು ಹುಡುಕುತ್ತಾ ಚಿಪ್ ದಾರಿ ತಪ್ಪಿತು. ದಾರಿ ತಪ್ಪಿದ ಚಿಪ್ಪನ್ನು ಹಿಡಿದು ಮತ್ತೆ ಮೊದಲಿನಿಂದ ಎಬ್ಬಿಸುವ ಒಂದು ಕಾವಲು ಗಡಿಯಾರವಿದೆ, ಅದು ಎಬ್ಬಿಸಿತು. ಎದ್ದ ಚಿಪ್ ಮತ್ತೆ ಅದೇ ಗುರುತನ್ನು ನಂಬಿ, ಮತ್ತೆ ಅದೇ ಕಡೆ ಹೋಯಿತು.

ಹೀಗೆ ಅದು ಎದ್ದು ಬೀಳುತ್ತಿದ್ದಷ್ಟು ಹೊತ್ತು ವಾಲ್ವಿನ ತಂತಿಯನ್ನು ಯಾರೂ ಹಿಡಿದಿರಲಿಲ್ಲ. ಯಾರೂ ಹಿಡಿಯದ ತಂತಿಯನ್ನು ‘ಮುಚ್ಚು’ ಎಂದು ಓದಬೇಕಾಗಿದ್ದ, ವಾಲ್ವಿಗೆ ಕರೆಂಟು ಕೊಡುವ ಇನ್ನೊಂದು ಬೋರ್ಡು ‘ತೆರೆ’ ಎಂದು ಓದಿತು. ಎಂದಿನ ದಿನಗಳಲ್ಲಿ ಕರೆಂಟು ಬಂದು ಪ್ರೋಗ್ರಾಂ ತಂತಿ ಹಿಡಿಯುವವರೆಗಿನ ಈ ಅಂತರ ವಾಲ್ವ್ ಅಲುಗಾಡಲೂ ಸಾಲದಷ್ಟು ಚಿಕ್ಕದು, ಆದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ದಿನ ಅಂತರ ಮುಗಿಯಲೇ ಇಲ್ಲ. ಕರೆಂಟು ಹೋದರೂ ಟ್ಯಾಂಕಿನಲ್ಲಿ ಗಾಳಿ ಹಾಗೇ ಇತ್ತು. ಪ್ರೆಸ್ ಇಳಿಯಿತು. ಮೇಲೆತ್ತುವ ಪ್ರೋಗ್ರಾಂ ಇಲ್ಲದ್ದರಿಂದ ಮೇಲೇಳಲಿಲ್ಲ. ಪಕ್ಕದ ಯಂತ್ರದಲ್ಲಿದ್ದ ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ, ಓಡಿ ಬಂದು ಕೆಂಪು ಗುಂಡಿಯನ್ನು ಒತ್ತಿದಳು. ಅಪಾಯದ ಹೊತ್ತಿಗೆಂದು ಇಟ್ಟ ಆ ಗುಂಡಿ ಗಾಳಿಯನ್ನು ನೇರವಾಗಿ ಕಡಿಯಬೇಕಿತ್ತು. ನಮ್ಮದರಲ್ಲಿ ಅದು ಚಿಪ್‌ಗೆ ವಿನಂತಿ ಮಾಡುತ್ತಿತ್ತು. ವಿನಂತಿ ಕೇಳಿಸಿಕೊಳ್ಳಲು ಒಳಗೆ ಯಾರೂ ಇರಲಿಲ್ಲ. ಕೊನೆಗೆ ಗೇಟಿನ ಕಾವಲುಗಾರ ಬಂದು ಗಾಳಿಯ ಪೈಪನ್ನೇ ಕಿತ್ತುಹಾಕಿದ.

ಮರುದಿನ ಬೆಳಗಿನ ಪಾಳಿಗೆ ಆ ಪ್ರೆಸ್ ಮತ್ತೆ ಓಡುತ್ತಿತ್ತು. ನಮ್ಮವರು ಹೋಗಿ ಪ್ರೋಗ್ರಾಂ ಮತ್ತೆ ಹಾಕಿ ಬಂದಿದ್ದರು. ತಾನು ಯಾಕೆ ಬಿದ್ದು ಎದ್ದೆ ಎಂಬ ಕಾರಣವನ್ನು ಚಿಪ್ ಒಂದು ಮೂಲೆಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ನಮ್ಮ ಬೂಟ್‌ಲೋಡರ್ ಎದ್ದ ಕೂಡಲೇ ಅದನ್ನು ಓದದೆ ಒರೆಸಿಹಾಕುವಂತೆ ಬರೆಯಲಾಗಿತ್ತು. ಹೀಗಾಗಿ ಪುರಾವೆಯೂ ಉಳಿಯಲಿಲ್ಲ.

ನನ್ನನ್ನು ಚಾಕಣದ ಆಸ್ಪತ್ರೆಗೆ ಕಳುಹಿಸಿದರು. ಎಂಜಿನಿಯರ್ ಎಂದಲ್ಲ. “ಆ ಹೆಂಗಸಿಗೆ ಮರಾಠಿ ಸರಿಯಾಗಿ ಬರುವುದಿಲ್ಲವಂತೆ, ನಿಮ್ಮ ಭಾಷೆಯವಳು, ಹೋಗಿ ಹೇಳಿಕೆ ಕೇಳಿ ಬನ್ನಿ” ಎಂದರು ವ್ಯವಸ್ಥಾಪಕರು. ಭೋಸರಿ ದಾಟುವವರೆಗೂ ಟ್ರಕ್ಕುಗಳ ಸಾಲಿನ ಹಿಂದೆ ಕಾರು ತೆವಳಿತು. ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಯೋಚಿಸಲು ಬೇಕಾದಷ್ಟು ಸಮಯವಿತ್ತು. ನಾನು ಯೋಚಿಸಲಿಲ್ಲ. ಮುಂದಿನ ಟ್ರಕ್ಕಿನ ಹಿಂಭಾಗದಲ್ಲಿ ಬರೆದದ್ದನ್ನು ಓದುತ್ತಾ ಕೂತಿದ್ದೆ.

ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ ಅವಳದು. ಕೈಗೆ ದಪ್ಪ ಬ್ಯಾಂಡೇಜು. ನನಗಿಂತ ಚಿಕ್ಕವಳು. ನೆಗೆಣ್ಣಿ ಸ್ಟೂಲಿನ ಮೇಲೆ ಕೂತು ಅವಳಿಗೆ ಗಂಜಿ ಕುಡಿಸುತ್ತಿದ್ದಳು. ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಕಾಲಬದಿಯಲ್ಲಿ ನಿಂತಿದ್ದ. ಸಭ್ಯನೇ, ಬೂಟು ಹೊರಗೆ ಬಿಟ್ಟು ಬಂದಿದ್ದ. ನನ್ನನ್ನು ಕಂಡು ಅವನಿಗೆ ನಿರಾಳವಾಯಿತು.

“ಮ್ಯಾಡಮ್, ತಿಲಾ ವಿಚಾರಾ, ಬಟನ್ ದಾಬಲಂ ಕಾ?”

ನಾನು ಅವಳ ಕಡೆ ತಿರುಗಿದೆ. “ನೀವು ಬಟನ್ ಒತ್ತಿದ್ರೇನು ಅಂತ ಕೇಳಾಕತ್ತಾರ.”

ಅವಳು ಬಾಯಿ ತೆರೆಯುವ ಮೊದಲೇ ನೆಗೆಣ್ಣಿ ಬಟ್ಟಲು ಕೆಳಗಿಟ್ಟಳು. “ಅದಕ್ಕ ಎರಡು ಕೈಲೇ ಎರಡು ಬಟನ್ ಒತ್ತಬೇಕ್ರಿ. ಈಕಿದು ಒಂದು ಕೈ ಒಳಗಿತ್ತು. ನಮ್ಮಾಕಿಗಿ ಮೂರು ಕೈ ಅದಾವೇನು ಕೇಳ್ರಿ ಅವರಿಗಿ. ಮೂರನೇದು ಎಲ್ಲಿಟ್ಟಾಳ ಹುಡ್ಕಿ ಕೊಡ್ರಿ, ಈಗ ಭಾಳ ಉಪಯೋಗ ಆಗ್ತದ.”

ಪಕ್ಕದ ಮಂಚದ ಮುದುಕಿಗೆ ಕನ್ನಡ ಬರುತ್ತಿತ್ತೆಂದು ಕಾಣುತ್ತದೆ, ಅವಳು ಕಿಸಕ್ಕನೆ ನಕ್ಕಳು. ನಾನು ಇದ್ದದ್ದನ್ನು ಇದ್ದಂತೆ ಮರಾಠಿಯಲ್ಲಿ ಹೇಳಿದೆ. ಅಧಿಕಾರಿ ನಗಲಿಲ್ಲ. ಈ ಜನ ಒಂದು ಗುಂಡಿಗೆ ಟೇಪು ಸುತ್ತಿ ಒಂದೇ ಕೈಯಲ್ಲಿ ಕೆಲಸ ಮಾಡುತ್ತಾರೆ, ನಿಮಗೆ ಗೊತ್ತಿಲ್ಲ ಎಂದ. ಟೇಪು ಸುತ್ತುವುದು ವಾರವಿಡೀ ಮಾಲಿನ ಗುರಿ ಮುಟ್ಟಬೇಕಾದ ಆಪರೇಟರುಗಳು, ಒರೆಸಲು ಬಂದವಳು ಯಾಕೆ ಸುತ್ತುತ್ತಾಳೆ ಎಂದು ನಾನು ಕೇಳಿದೆ. ಅವನು ಮತ್ತೆ ಅವಳ ಕಡೆಗೇ ಕೈ ತೋರಿಸಿದ. ಅವಳು ಹೇಳಲಿ ಎಂದ.

ಅವಳು ಮೊದಲು ನೆಗೆಣ್ಣಿಗೆ, “ನೀ ಸುಮ್ಕಿರಕ್ಕ” ಎಂದಳು. ಆಮೇಲೆ ನನಗೆ, “ನಂದೇ ತಪ್ಪು ಅಂತ ಬರಸ್ರಿ ಅಕ್ಕೋರೆ.”

“ನಿಮ್ಮ ತಪ್ಪಲ್ಲ ಅದು. ಮಷೀನ್ ತಾನ ಇಳದದ. ಆ ಬೋರ್ಡ್ ನೋಡೂದೇ ನನ್ನ ಕೆಲಸ, ನನಗ ಗೊತ್ತದ.”

“ಇಳದದ್ದು ಇಳದದ ಬಿಡ್ರಿ. ನಾ ಈಗ ಕೇಸ್ ಅಂದ್ರ ಟೋಳಿಗಿ ಟೋಳಿನೇ ಬಂದ್ ಮಾಡ್ತೀನಿ ಅಂದಾನ ಮುಕಾದಮ. ನಮ್ಮ ಊರಿನ ಹೆಣ್ಮಕ್ಕಳೆಲ್ಲ ಇದ್ರಾಗೇ ಅದಾರ. ನನ್ನ ಬೆರಳ ಸಲುವಾಗಿ ಅವರು ಯಾಕ ಮನ್ಯಾಗ ಕೂಡಬೇಕು?”

“ಆದ್ರ ನಿಮಗ ಪರಿಹಾರ ಬರೂದು ಕಷ್ಟ ಆಗ್ತದ.”

“ಬೆರಳ ಬರ್ತಾವೇನ್ರಿ?”

ಕಾಲಬದಿಯಿಂದ ಅಧಿಕಾರಿ, “ಕಾಯ್ ಮ್ಹಣತೇ?” ಎಂದು ಕೇಳಿದ. ಏನು ಹೇಳುತ್ತಿದ್ದಾಳೆ?

ಅನುವಾದ ಮಾಡುವವರು ಇನ್ನೊಬ್ಬರ ಬಾಯಲ್ಲಿ ತಮ್ಮ ಮಾತನ್ನು ತುರುಕಬಾರದು. ಪೆಟ್ಟು ತಿಂದವಳ ಮಾತನ್ನು ಅವಳ ಒಳಿತಿಗೆಂದು ತಿದ್ದುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಅವಳು ತನ್ನದೇ ತಪ್ಪು ಎನ್ನುತ್ತಿದ್ದಾಳೆ ಎಂದೆ. ಹಾಗೆ ಹೇಳುವಂತೆ ಮಾಡಿದ ಮುಕಾದಮನ ಬೆದರಿಕೆಯನ್ನೂ ಹೇಳಿದೆ. ಇದು ಅವಳ ಹೇಳಿಕೆ, ನನ್ನದು ಬೇರೆ ಇದೆ, ಬೋರ್ಡು ಪರೀಕ್ಷಿಸುವವಳಾಗಿ ನನ್ನದನ್ನೂ ಬರೆದುಕೊಳ್ಳಿ ಎಂದೂ ಹೇಳಿದೆ. ಅವನು ಮೊದಲನೆಯ ವಾಕ್ಯವನ್ನು ಬರೆದುಕೊಂಡು ಪೆನ್ನಿಗೆ ಮುಚ್ಚಳ ಹಾಕಿದ.

“ಮ್ಯಾಡಮ್, ತುಮ್ಹೀ ಭಾಷಾಂತರಾಸಾಠೀ ಆಲಾಯ್.”

ನಾನು ಬಂದದ್ದು ಭಾಷಾಂತರಕ್ಕೆ. ಸಾಕ್ಷಿ ಹೇಳುವುದಕ್ಕಲ್ಲ.

ಹೊರಡುವಾಗ ಅವಳು ನನಗೆ ಚಹಾ ತರಿಸಲು ನೆಗೆಣ್ಣಿಗೆ ಹೇಳಿದಳು. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಆ ದಿನದ ಬಗ್ಗೆ ನಾನು ಅನುಭವಿಸಿದೆನೆಂದು ಖಚಿತವಾಗಿ ಹೇಳಬಲ್ಲದ್ದು ಆ ಸಕ್ಕರೆಯನ್ನು ಮಾತ್ರ.

ಕಚೇರಿಗೆ ಮರಳಿ, ಮುಂದಿನ ಆವೃತ್ತಿಗೆ ದೂಡಿದ್ದ ಪರೀಕ್ಷೆಯನ್ನು ಯಾರ ಅನುಮತಿಯೂ ಇಲ್ಲದೆ ಮಾಡಿದೆ. ಅದೇ ಬೋರ್ಡು, ಅದೇ ವಾಲ್ವ್, ಪ್ರೆಸ್ಸಿನ ತಲೆಯಂತೆ ಇಳಿದೇಳುವ ಒಂದು ಚಿಕ್ಕ ಗಾಳಿಯ ಸಿಲಿಂಡರು. ಅದರ ಕೆಳಗೆ ಒಂದು ಸೀಮೆಸುಣ್ಣದ ತುಂಡು. ಮೈಸೂರಿನವನನ್ನು ಕರೆದೆ. ಪ್ರೋಗ್ರಾಂ ಬರೆಯುತ್ತಿರುವಾಗ ಪ್ಲಗ್ಗು ಕಿತ್ತು ಮತ್ತೆ ಚುಚ್ಚಿದೆ. ಸಿಲಿಂಡರು ಇಳಿದು ಸೀಮೆಸುಣ್ಣದ ಮೇಲೆ ಕೂತಿತು. ಅವನೇ ಕೈ ಚಾಚಿ ಕೆಂಪು ಗುಂಡಿ ಒತ್ತಿದ. ಅದು ಏಳಲಿಲ್ಲ. ಇನ್ನೊಮ್ಮೆ ಒತ್ತಿದ.

“ಇನ್ನೊಂದ್ಸಲ ಮಾಡಿ ಮೇಡಂ.”

ಬೇರೆ ಸೀಮೆಸುಣ್ಣ ಇಟ್ಟು ಮತ್ತೆ ಮಾಡಿದೆ. ಮತ್ತೆ ಇಳಿಯಿತು.

“ಸಾಕು,” ಎಂದ. ಪ್ಲಗ್ಗನ್ನು ತಾನೇ ಕಿತ್ತು, “ಬೂಟ್‌ಲೋಡರ್ ವಾಲ್ವಿನ ಔಟ್‌ಪುಟ್ ಮುಟ್ಟಬಾರ್ದು, ಅದು ಅಪ್ಲಿಕೇಶನ್ ಕೆಲಸ ಅಂತ ಮೊದಲ್ನೇ ದಿನವೇ ಹೇಳ್ಕೊಟ್ಟಿದ್ರು ನಂಗೆ. ನಾನೂ ಕೇಳ್ಳಿಲ್ಲ, ಅಪ್ಲಿಕೇಶನ್ ಇಲ್ದೇ ಇದ್ರೆ ಅಂತ,” ಎಂದ. ಮೇಜಿನ ಮೇಲಿನ ಪುಡಿಯನ್ನು ಅಂಗೈಯಿಂದ ಒಂದೆಡೆ ಸೇರಿಸಿದ. ಅವತ್ತಿನಿಂದ ಅವನು ಊಟಕ್ಕೆ ಬೇರೆ ಮೇಜಿಗೆ ಹೋಗತೊಡಗಿದ.

ಆದರೆ ಅವನು ಸರಿಪಡಿಸಿದ. ಎದ್ದ ಕೂಡಲೇ, ಬೇರೇನನ್ನೂ ಮಾಡುವ ಮೊದಲು, ವಾಲ್ವಿನ ತಂತಿಯನ್ನು ಹಿಡಿದು ‘ಮುಚ್ಚು’ ಎನ್ನುವಂತೆ ಬರೆದ. ಬೀಗದ ಕೈ ಒಪ್ಪಿಸುವ ಮುನ್ನ ಎಲ್ಲ ಬಾಗಿಲುಗಳನ್ನು ಹಾಕಿ, ಆಗಲೇ ಬಡಿದು ಕಾಯುತ್ತಿದ್ದವರನ್ನೂ ತೆರವುಗೊಳಿಸುವಂತೆ ಮಾಡಿದ. ‘ಮುಗಿಯಿತು’ ಎಂಬ ಗುರುತು ಬರೆದದ್ದನ್ನೆಲ್ಲ ತಾಳೆ ನೋಡಿದ ಮೇಲೆ, ಕೊನೆಯಲ್ಲಿ ಬೀಳುವಂತಾಯಿತು. ಬಿದ್ದದ್ದಕ್ಕೆ ಕಾರಣವನ್ನು ಓದಿ, ಮತ್ತೆ ಮತ್ತೆ ಬೀಳುತ್ತಿದ್ದರೆ ಏನನ್ನೂ ಅಲುಗಾಡಿಸದೆ ಸುಮ್ಮನೆ ನಿಂತುಬಿಡುವಂತಾಯಿತು. ಇವುಗಳಲ್ಲಿ ಹೊಸದು ಯಾವುದೂ ಇಲ್ಲ. ಈ ಕಸುಬನ್ನು ಕಲಿಸುವ ಯಾವ ಪಠ್ಯದಲ್ಲೂ ಇರುವ ಸಂಗತಿಗಳೇ. ಹೊಸ ಆವೃತ್ತಿಯ ಜೊತೆ ಎಲ್ಲ ಗ್ರಾಹಕರಿಗೂ ಹೋದ ಟಿಪ್ಪಣಿಯಲ್ಲಿ ‘ಸಣ್ಣಪುಟ್ಟ ಸುಧಾರಣೆಗಳು’ ಎಂದು ಬರೆಯಲಾಗಿತ್ತು. ಕೆಂಪು ಗುಂಡಿ ಮಾತ್ರ ಇಂದಿಗೂ ಚಿಪ್‌ಗೆ ವಿನಂತಿಯನ್ನೇ ಮಾಡುತ್ತದೆ. ಅದನ್ನು ಬದಲಿಸಬೇಕಾದರೆ ಪ್ರತಿ ಯಂತ್ರದ ತಂತಿ ಬದಲಿಸಬೇಕು.

ಸುಧಾರಿತ ಬೂಟ್‌ಲೋಡರ್ ಗ್ರಾಹಕರಿಗೆ ತಲುಪಿದ ವಾರವೇ ಕಾರ್ಖಾನೆಯ ವಿಚಾರಣಾ ವರದಿಯೂ ಬಂತು. ಅಪಘಾತಕ್ಕೆ ಕಾರಣ: ಕಾರ್ಮಿಕಳ ಸ್ವಂತ ನಿರ್ಲಕ್ಷ್ಯ. ಆಧಾರ: ಆಕೆಯದೇ ಒಪ್ಪಿಗೆ, ಮಾತೃಭಾಷೆಯಲ್ಲಿ. ಮುಕಾದಮನ ಬೆದರಿಕೆಯ ಬಗ್ಗೆ ಒಂದು ಅಕ್ಷರವಿಲ್ಲ. ನಮ್ಮ ಕಂಪನಿ ಅದಕ್ಕೆ ‘ತಾಂತ್ರಿಕ ದೋಷ ಕಂಡುಬಂದಿಲ್ಲ’ ಎಂಬ ಪತ್ರ ಲಗತ್ತಿಸಿತ್ತು. ನಾನು ಪರೀಕ್ಷೆಯ ಫಲಿತಾಂಶ ಹಿಡಿದು ವ್ಯವಸ್ಥಾಪಕರ ಕೋಣೆಗೆ ಹೋದೆ. ಸರಿಪಡಿಸಿದ್ದೇವಲ್ಲ, ಇನ್ನೇನು ಎಂದರು. ದೋಷವೇ ಇಲ್ಲದಿದ್ದರೆ ಸರಿಪಡಿಸಿದ್ದು ಏನನ್ನು ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡಿ, ಒಪ್ಪಿಕೊಂಡರೆ ಹೊಣೆ ನಮ್ಮ ತಲೆಗೆ ಬರುತ್ತದೆ, ಇದು ಕಾನೂನಿನವರ ಸಲಹೆ ಎಂದರು. ಹೊಣೆ ಆಗಲೇ ಇದೆ, ಬರಬೇಕಾದ್ದು ತಲೆಗೆ ಮಾತ್ರ ಎಂದೆ. ಮುಂದಿನ ತಿಂಗಳು ನನ್ನನ್ನು ಪರೀಕ್ಷಾ ವಿಭಾಗದಿಂದ ಕೈಪಿಡಿ ಬರೆಯುವ ವಿಭಾಗಕ್ಕೆ ಹಾಕಿದರು. ಸಂಬಳ ಅಷ್ಟೇ. ಕುರ್ಚಿ ಇನ್ನೂ ಚೆನ್ನಾಗಿದೆ.

ಇದಕ್ಕೆ ಯಾರೂ ಹೊಣೆಯಲ್ಲ, ವ್ಯವಸ್ಥೆಯೇ ಹೀಗೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪರೀಕ್ಷೆಯನ್ನು ದೂಡಿದ ಸಹಿಗೆ ಒಂದು ಕೈ ಇತ್ತು. ಅಗ್ಗವೆಂದು ಗುಂಡಿಯನ್ನು ಚಿಪ್‌ಗೆ ಕಟ್ಟಿದ್ದು ಒಂದು ನಿರ್ಧಾರ. ರಜೆಯ ದಿನ ಹೆಂಗಸರನ್ನು ಯಂತ್ರದೊಳಗೆ ಕೈ ಹಾಕಲು ಬಿಟ್ಟು, ಗಾಳಿಯ ಟ್ಯಾಂಕನ್ನು ಖಾಲಿ ಮಾಡಿಸದೆ ಇದ್ದದ್ದು ಕಾರ್ಖಾನೆಯ ನಿರ್ಧಾರ. ಒಬ್ಬಳ ಬಾಯಿ ಮುಚ್ಚಿಸಲು ಒಂದಿಡೀ ಊರಿನ ಅನ್ನವನ್ನು ಒತ್ತೆ ಇಟ್ಟದ್ದು ಗುತ್ತಿಗೆದಾರನ ನಿರ್ಧಾರ. ಬೆದರಿಸಿ ಪಡೆದ ಮಾತನ್ನು ಒಪ್ಪಿಗೆ ಎಂದು ಬರೆದುಕೊಂಡದ್ದು, ಬೂಟು ಹೊರಗೆ ಬಿಟ್ಟು ಬಂದ ಸಭ್ಯನ ನಿರ್ಧಾರ. ಯಾವುದೂ ತಾನಾಗಿ ಆಗಲಿಲ್ಲ. ತಾನಾಗಿ ಇಳಿದದ್ದು ಪ್ರೆಸ್ ಒಂದೇ.

ಕೆಲವು ತಿಂಗಳು ಕಳೆದ ಮೇಲೆ ನೆಗೆಣ್ಣಿ ಫೋನು ಮಾಡಿ ಕರೆದಳು. ಚಾಕಣದ ಆಚೆ ತಗಡಿನ ಕೋಣೆಗಳ ಸಾಲಿನಲ್ಲಿ ಅವರ ಮನೆ. ಬೆರಳು ಕಳೆದುಕೊಂಡವಳು ಬಾಗಿಲಲ್ಲಿ ಕೂತು ಎಡಗೈಯಿಂದ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಗಾಯ ಒಣಗಿತ್ತು.

“ನೋವು ಅದ ಏನು?” ಎಂದು ಕೇಳಿದೆ.

“ನೋವಿಲ್ರಿ. ಒಮ್ಮೊಮ್ಮಿ ಬೆರಳ ತುರಸ್ತದ. ತುರಸ್ಕೋಬೇಕಂತ ಹೋದ್ರ ಅಲ್ಲಿ ಇರೂದಿಲ್ಲ.” ಸೊಪ್ಪಿನ ದಂಟನ್ನು ಪಕ್ಕಕ್ಕೆ ಎಸೆದಳು. ಬೇರೆ ಯಾರದೋ ಬೆರಳಿನ ಸುದ್ದಿ ಹೇಳಿದಂತಿತ್ತು ಅವಳ ದನಿ.

ಗಾಯ ಮಾಯ್ದ ಮೇಲೆ ಅವಳು ಕೆಲಸಕ್ಕೆ ಹೋಗಿದ್ದಳಂತೆ. ಕಾರ್ಖಾನೆಯ ಗೇಟಿನಲ್ಲಿ ಬೆರಳಚ್ಚು ಕೊಟ್ಟರೆ ಮಾತ್ರ ಬಾಗಿಲು ತೆರೆಯುತ್ತದೆ. ಅವಳದೆಂದು ಯಂತ್ರದಲ್ಲಿ ಇದ್ದದ್ದು ಬಲಗೈ ತೋರುಬೆರಳಿನ ಅಚ್ಚು. ಬೇರೆ ಬೆರಳನ್ನು ಸೇರಿಸಲು ಗುತ್ತಿಗೆದಾರ ಕೇಳಿಕೊಳ್ಳಬೇಕು. ನಿರ್ಲಕ್ಷ್ಯದ ಕೆಲಸಗಾರಳೆಂದು ವರದಿಯಲ್ಲೇ ಇರುವವಳ ಪರವಾಗಿ ಅವನು ಕೇಳಲಿಲ್ಲ. ಪರಿಹಾರದ ವಿಷಯಕ್ಕೆ ಹೋದಾಗಲೂ ಕಾನೂನು ಏನೇ ಹೇಳಲಿ, ಎಲ್ಲ ಮೇಜುಗಳಲ್ಲೂ ಅದೇ ವಾಕ್ಯವನ್ನು ಅವಳ ಮುಂದೆ ಹಿಡಿದರು.

“ಟೋಳಿನಾದ್ರೂ ಉಳೀತಲ್ಲ,” ಎಂದೆ.

ನೆಗೆಣ್ಣಿ ಒಳಗಿನಿಂದಲೇ ಹೇಳಿದಳು. “ಎಲ್ಲಿ ಉಳೀತ್ರಿ? ದಸರಾ ಆದಮ್ಯಾಗ ಬ್ಯಾರೆ ಮಂದಿ ತಂದಾನ. ನಾವೀಗ ಕಟ್ಟಡದ ಕೆಲಸಕ್ಕ ಹೊಂಟೀವಿ. ಮುಕಾದಮಗ ಫೋನ್ ಹಚ್ಚಿದ್ರ, ‘ಯಾರು?’ ಅಂತಾನ ಭಾಡ್ಯಾ. ನಿನ್ನ ಮಾವನ ಮಗಳು ಅಂತ ಹೇಳಿ ಇಟ್ಟೆ.”

ಬಾಗಿಲಲ್ಲಿ ಕೂತವಳು ನಗಲಿಲ್ಲ. ಸೊಪ್ಪಿನ ಬುಟ್ಟಿಯನ್ನು ಎಡಗೈಯಿಂದ ಒಳಗೆ ಸರಿಸಿ, ನನ್ನ ಕಡೆ ನೋಡಿದಳು.

“ಅಕ್ಕೋರೆ, ಅವತ್ತು ನಂದೇ ತಪ್ಪು ಅಂತ ಬರಸ್ರಿ ಅಂದಿದ್ದೆ. ಅದು ಖರೆ ಅಲ್ಲ. ಲೈಟ್ ಹೋಗಿತ್ತು, ಮಷೀನ್ ಸುಮ್ಕಿತ್ತು, ನಾ ಒರಸ್ಲಕತ್ತಿದ್ದೆ. ಲೈಟ್ ಬಂತು, ಇಳೀತು. ನಾ ಏನೂ ಒತ್ತಿಲ್ಲ. ಈಗ ಖರೇದು ಬರಸ್ರಿ.”

ಬರೆಯುತ್ತೇನೆ ಎಂದೆ. ಹೆಸರು ಹಾಕಬೇಡಿ, ಊರಿನಲ್ಲಿ ಇನ್ನೂ ಮಗಳ ಶಾಲೆ ಇದೆ ಎಂದಳು. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ. ಓದಬೇಕಾದವರಿಗೆ ತಾವು ಯಾರೆಂದು ಗೊತ್ತು.

ಆದ್ದರಿಂದ, ನಿಯಂತ್ರಣ ಬೋರ್ಡು ತಯಾರಿಸಿದ ಕಂಪನಿಯ ನಿರ್ದೇಶಕರೇ, ಆ ಕಾರ್ಖಾನೆಯ ಆಡಳಿತದವರೇ: ನೀವು ಬೂಟ್‌ಲೋಡರನ್ನು ತಿದ್ದಿದ್ದೀರಿ. ತಿದ್ದಲು ಏನೋ ಇತ್ತೆಂದು ನಿಮ್ಮ ಕೈಯೇ ಒಪ್ಪಿಕೊಂಡಿದೆ. ಈಗ ವರದಿಯನ್ನು ತಿದ್ದಿ. ‘ಕಾರ್ಮಿಕಳ ಸ್ವಂತ ನಿರ್ಲಕ್ಷ್ಯ’ ಎಂಬ ವಾಕ್ಯವನ್ನು ತೆಗೆದು, ‘ಅಪ್‌ಡೇಟ್ ನಡುವೆ ಕರೆಂಟು ಹೋಗಿ, ಬೋರ್ಡಿನ ದೋಷದಿಂದ ಪ್ರೆಸ್ ತಾನಾಗಿ ಇಳಿಯಿತು’ ಎಂದು ಬರೆಯಿರಿ. ದೋಷವಿಲ್ಲ ಎಂಬ ನಿಮ್ಮ ಪತ್ರವನ್ನು ಹಿಂತೆಗೆದುಕೊಳ್ಳಿ. ತಿದ್ದಿದ ವರದಿಯ ಪ್ರತಿಯನ್ನು ಕನ್ನಡದಲ್ಲಿ ಮಾಡಿಸಿ, ನಿರ್ದೇಶಕರಲ್ಲಿ ಒಬ್ಬರಾದರೂ ಆ ತಗಡಿನ ಕೋಣೆಗೆ ಹೋಗಿ, ಅವಳ ಎದುರು ಪೂರ್ತಿ ಓದಿ ಹೇಳಿಸಿ, ಅವಳ ಎಡಗೈಗೆ ಕೊಟ್ಟು ಬನ್ನಿ.